ಹಳೆಯ ಕಾಲದ ಕ್ವಾರ್ಟರ್‌ಬ್ಯಾಕ್ ಒಬ್ಬರ ಸ್ಮರಣೆಯನ್ನು ಬರೆಯುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅರ್ಧ ಶತಮಾನದ ಹಿಂದೆ ಆಡಿದ ಕ್ವಾರ್ಟರ್‌ಬ್ಯಾಕ್ (ತಂಡದ ಆಟವನ್ನು ನಡೆಸಿ ಪಾಸ್ ಎಸೆಯುವ ಆಟಗಾರ) ಒಬ್ಬರ ಬಗ್ಗೆ ಬರೆಯಲು ಕುಳಿತವರು ಬಹುಮಟ್ಟಿಗೆ ಮೊದಲು ಮಾಡುವ ಕೆಲಸವೆಂದರೆ ಅವರ ಅಂಕಿಅಂಶಗಳನ್ನು ಇಂದಿನ ಆಟಗಾರರ ಅಂಕಿಅಂಶಗಳ ಪಕ್ಕದಲ್ಲಿಟ್ಟು ನೋಡುವುದು. ಹಾಗೆ ನೋಡಿದರೆ ಹಳಬರು ಸಣ್ಣವರಾಗಿಯೇ ಕಾಣುತ್ತಾರೆ. ಆ ಕೊರತೆಯನ್ನು ತುಂಬಲು ಬರೆಯುವವರು ಹೊಗಳಿಕೆಯ ಮಾತುಗಳ ಮೊರೆ ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ದಾರಿಯೇ ತಪ್ಪು. ಆಟಗಾರರನ್ನು ಅವರ ಕಾಲದ ಚೆಂಡು, ಅವರ ಕಾಲದ ನಿಯಮ, ಅವರ ಜೊತೆಗಾರರು ಮತ್ತು ಅವರ ಎದುರು ಮುಚ್ಚಿದ್ದ ಬಾಗಿಲುಗಳ ನಡುವೆ ನಿಲ್ಲಿಸಿ ತೋರಿಸಿದರೆ ಹೊಗಳಿಕೆಯ ಅಗತ್ಯವೇ ಬೀಳುವುದಿಲ್ಲ. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಉದ್ದಕ್ಕೂ ಹಿಡಿದುಕೊಳ್ಳಲು ಒಂದು ಉದಾಹರಣೆ ಬೇಕಾದ್ದರಿಂದ, ಒಹಾಯೊ ರಾಜ್ಯದ ಟೊಲೀಡೊ ವಿಶ್ವವಿದ್ಯಾಲಯದ ಪರವಾಗಿ 1969ರಿಂದ 1971ರವರೆಗೆ ಆಡಿದ ಚಕ್ ಈಲಿ ಅವರನ್ನು ಆರಿಸಿಕೊಂಡಿದ್ದೇನೆ. ಆ ಮೂರು ವರ್ಷಗಳಲ್ಲಿ ಅವರ ತಂಡ ಆಡಿದ 35 ಪಂದ್ಯಗಳನ್ನೂ ಗೆದ್ದಿತು.

ಮೊದಲು ವರ್ಷಗಳನ್ನು ಖಚಿತಪಡಿಸಿಕೊಳ್ಳಿ. ಇದು ಸುಲಭದ ಕೆಲಸವೆಂದು ತೋರಿದರೂ ಹಲವರು ಎಡವುವುದು ಇಲ್ಲಿಯೇ. ಇಂದು ಕಾಲೇಜಿಗೆ ಸೇರಿದ ಮೊದಲ ವರ್ಷದಲ್ಲಿಯೇ ಹುಡುಗನೊಬ್ಬ ಮುಖ್ಯ ತಂಡದಲ್ಲಿ ಆಡಬಹುದು. ಆದರೆ 1972ಕ್ಕೆ ಮುಂಚೆ, ಯುದ್ಧಕಾಲದ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆ ಅವಕಾಶವಿರಲಿಲ್ಲ. ಆದ್ದರಿಂದ ಈಲಿಯವರಂಥ ಆಟಗಾರರ ಕಾಲೇಜು ಜೀವನವೆಂದರೆ ಮೂರೇ ಋತುಗಳು. ಋತುವಿನ ಉದ್ದವೂ ಬೇರೆ ಇತ್ತು: 1969ರವರೆಗೆ ಹೆಚ್ಚಿನ ತಂಡಗಳಿಗೆ ಹತ್ತು ಪಂದ್ಯಗಳು, 1970ರಿಂದ ಹನ್ನೊಂದು, 2006ರಿಂದ ಹನ್ನೆರಡು. ನಾಲ್ಕು ವರ್ಷ ಆಡಿದವರ ಒಟ್ಟು ಮೊತ್ತವನ್ನೂ ಮೂರು ವರ್ಷ ಆಡಿದವರ ಒಟ್ಟು ಮೊತ್ತವನ್ನೂ ಎದುರುಬದುರು ಇಟ್ಟು ತೀರ್ಪು ಕೊಡುವ ಬರಹವನ್ನು ತಿಳಿದ ಓದುಗರು ಎರಡನೆಯ ಸಾಲಿನಲ್ಲಿಯೇ ನಂಬುವುದನ್ನು ನಿಲ್ಲಿಸುತ್ತಾರೆ.

ವರ್ಷಗಳು ಕೈಗೆ ಬಂದ ಮೇಲೆ ಆ ವರ್ಷಗಳ ನಿಯಮಪುಸ್ತಕವನ್ನು ಓದಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಒಪ್ಪಿಗೆ ಸಿಕ್ಕಿದ್ದೇ 1906ರಲ್ಲಿ. ಆ ಎಸೆತಕ್ಕಿದ್ದ 20 ಗಜಗಳ ಮಿತಿ ತೆಗೆದದ್ದು, ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನಿಗೆ ಆರು ಅಂಕ ನಿಗದಿಯಾದದ್ದು, ಹತ್ತು ಗಜ ಸಾಗಲು ನಾಲ್ಕು ಪ್ರಯತ್ನಗಳನ್ನು ಕೊಟ್ಟದ್ದು 1912ರಲ್ಲಿ. ಚೆಂಡಿನ ಸುತ್ತಳತೆಯನ್ನು ತಗ್ಗಿಸಿ ಅದನ್ನು ಕೈಯಲ್ಲಿ ಹಿಡಿದು ಎಸೆಯಲು ಒಗ್ಗುವಂತೆ ಮಾಡಿದ್ದು 1934ರಲ್ಲಿ. ಅದಕ್ಕಿಂತ ಹಿಂದಿನವರ ಬಗ್ಗೆ ಬರೆಯುವಾಗ ಅವರ ಕೈಯಲ್ಲಿದ್ದ ಚೆಂಡು ಇಂದಿನದಕ್ಕಿಂತ ದಪ್ಪವಾಗಿತ್ತು ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಓದುಗರಿಗೆ ಆ ಎಸೆತಗಳ ಕಷ್ಟ ತಾನಾಗಿಯೇ ತಿಳಿಯುತ್ತದೆ.

ಕ್ವಾರ್ಟರ್‌ಬ್ಯಾಕ್ ಎಂಬ ಹೆಸರಿನ ಅರ್ಥವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಇಂದು ಆ ಸ್ಥಾನದಲ್ಲಿರುವವರು ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಅದನ್ನು ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ, ತಾನೇ ಹಿಡಿದು ಓಡಬೇಕೋ ಎಂದು ಕ್ಷಣದಲ್ಲಿ ನಿರ್ಧರಿಸುತ್ತಾರೆ. ಆದರೆ ಒಂದು ಕಾಲದಲ್ಲಿ ಎಲ್ಲೆಡೆ ರೂಢಿಯಲ್ಲಿದ್ದ ಸಿಂಗಲ್ ವಿಂಗ್ ವ್ಯೂಹದಲ್ಲಿ ಚೆಂಡು ಸಾಮಾನ್ಯವಾಗಿ ಹಿಂದೆ ನಿಲ್ಲುವ ಟೇಲ್‌ಬ್ಯಾಕ್ ಎಂಬ ಆಟಗಾರನ ಕೈಗೆ ಹೋಗುತ್ತಿತ್ತು. ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡವನು ಎದುರಾಳಿಗಳನ್ನು ತಡೆದು ದಾರಿ ಬಿಡಿಸುವ ಕೆಲಸ ಮಾಡುತ್ತಿದ್ದುದೇ ಹೆಚ್ಚು. 1940ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ತರಬೇತುದಾರ ಕ್ಲಾರ್ಕ್ ಶಾನೆಸಿ ಅವರ ಮಾರ್ಗದರ್ಶನದಲ್ಲಿ, ಫ್ರ್ಯಾಂಕಿ ಆಲ್ಬರ್ಟ್ ಅವರನ್ನು ಕ್ವಾರ್ಟರ್‌ಬ್ಯಾಕ್ ಆಗಿ ನಿಲ್ಲಿಸಿ, ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುವ ಟಿ ವ್ಯೂಹದಿಂದ ಒಂದು ಪಂದ್ಯವನ್ನೂ ಸೋಲದೆ ಋತುವನ್ನು ಮುಗಿಸಿ, 1941ರ ಹೊಸ ವರ್ಷದ ದಿನ ರೋಸ್ ಬೌಲ್ ಎಂಬ ಋತುವಿನ ಕೊನೆಯ ವಿಶೇಷ ಪಂದ್ಯದಲ್ಲಿ ನೆಬ್ರಾಸ್ಕಾವನ್ನು 21–13ರಿಂದ ಮಣಿಸಿದ ಮೇಲೆ ಈ ಸ್ಥಾನಕ್ಕೆ ನಾವಿಂದು ತಿಳಿದಿರುವ ಅರ್ಥ ಬೇಗನೆ ಹರಡಿತು. ನೀವು ಆರಿಸಿಕೊಂಡವರು ಈ ಗೆರೆಯ ಯಾವ ಕಡೆಗಿದ್ದರು ಎಂಬುದನ್ನು ನೋಡಿಕೊಳ್ಳಿ. ಜೊತೆಗೆ ಆಟಗಾರರನ್ನು ಬದಲಿಸುವ ನಿಯಮವನ್ನೂ ಗಮನಿಸಿ: 1953ರಿಂದ 1964ರವರೆಗೆ ಬದಲಾವಣೆಗೆ ಬಿಗಿಯಾದ ಮಿತಿಗಳಿದ್ದುದರಿಂದ ಆ ಕಾಲದ ಕ್ವಾರ್ಟರ್‌ಬ್ಯಾಕ್‌ಗಳು ಚೆಂಡು ಎದುರಾಳಿಯ ಕೈಗೆ ಹೋದಾಗಲೂ ಮೈದಾನದಲ್ಲಿಯೇ ಉಳಿದು ರಕ್ಷಣೆಗೆ ನಿಲ್ಲಬೇಕಾಗುತ್ತಿತ್ತು. ದಣಿದ ಕಾಲುಗಳಿಂದ ಆಟದ ಕೊನೆಯ ಕಾಲು ಭಾಗವಾದ ನಾಲ್ಕನೆಯ ಕ್ವಾರ್ಟರಿನಲ್ಲಿ ಎಸೆದ ಪಾಸ್ ಯಾವ ಪಟ್ಟಿಯಲ್ಲಿಯೂ ಬೇರೆಯಾಗಿ ಕಾಣುವುದಿಲ್ಲ. ಅದನ್ನು ಬರೆಯುವವರೇ ಹೇಳಬೇಕು.

ಇನ್ನು ಅಂಕಿಅಂಶಗಳ ವಿಷಯ. ಇದಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಹಳೆಯ ಅಂಕಿಗಳು ಸುಳ್ಳು ಹೇಳದಿದ್ದರೂ ಪೂರ್ತಿ ಹೇಳುವುದೂ ಇಲ್ಲ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯ ಅಧಿಕೃತ ಫುಟ್‌ಬಾಲ್ ಅಂಕಿಅಂಶಗಳು ಆರಂಭವಾಗುವುದು 1937ರಿಂದ. ಅದಕ್ಕಿಂತ ಹಿಂದಿನ ಸಂಖ್ಯೆಗಳು ಪತ್ರಿಕಾ ವರದಿಗಾರರೋ ಕಾಲೇಜಿನ ಸಿಬ್ಬಂದಿಯೋ ಬರೆದಿಟ್ಟವು. ಒಂದೇ ಪಂದ್ಯಕ್ಕೆ ಎರಡು ಪತ್ರಿಕೆಗಳು ಎರಡು ಮೊತ್ತ ಕೊಟ್ಟಿದ್ದರೆ ಒಂದನ್ನು ಗುಟ್ಟಾಗಿ ಆರಿಸಿಕೊಳ್ಳಬೇಡಿ, ಎರಡನ್ನೂ ಓದುಗರ ಮುಂದಿಡಿ. ಋತುವಿನ ಕೊನೆಯ ಬೌಲ್ ಪಂದ್ಯಗಳಲ್ಲಿ ಆಟಗಾರರು ಗಳಿಸಿದ್ದನ್ನು ಎನ್‌ಸಿಎಎ ಅಧಿಕೃತ ಮೊತ್ತಕ್ಕೆ ಸೇರಿಸಲು ತೊಡಗಿದ್ದು 2002ರಲ್ಲಿ ಮಾತ್ರ. ಹೀಗಾಗಿ 2002ಕ್ಕಿಂತ ಹಿಂದಿನ ಆಟಗಾರರು ತಮ್ಮ ಅತಿದೊಡ್ಡ ಪಂದ್ಯಗಳಲ್ಲಿ ಎಸೆದ ಪಾಸುಗಳು ಅವರ ಲೆಕ್ಕದಲ್ಲಿಯೇ ಇಲ್ಲ. ಈಲಿಯವರ ತಂಡ ಮೂರು ವರ್ಷವೂ ಟ್ಯಾಂಜರೀನ್ ಬೌಲಿನಲ್ಲಿ ಆಡಿ ಗೆದ್ದಿತು. ಆ ಮೂರು ಗೆಲುವುಗಳು 35ರಲ್ಲಿ ಸೇರಿವೆ, ಆದರೆ ಆ ಮೂರು ಪಂದ್ಯಗಳ ಪಾಸುಗಳು ಅಧಿಕೃತ ಮೊತ್ತದಿಂದ ಹೊರಗಿವೆ. ಒಟ್ಟು ಮೊತ್ತವನ್ನು ಬರೆಯುವಾಗ ಬೌಲ್ ಪಂದ್ಯ ಸೇರಿದೆಯೇ ಇಲ್ಲವೇ ಎಂದು ಅದೇ ವಾಕ್ಯದಲ್ಲಿ ತಿಳಿಸಿ.

ಓಟದ ಗಜಗಳಲ್ಲಿಯೂ ಒಂದು ಗೊಂದಲ ಅಡಗಿದೆ. ಕಾಲೇಜು ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯುವ ಮೊದಲೇ ಸಿಕ್ಕಿಬಿದ್ದು ಹಿಂದಕ್ಕೆ ಬಿದ್ದರೆ, ಆ ನಷ್ಟವನ್ನು ಅವರ ಓಟದ ಗಜಗಳಿಂದ ಕಳೆಯುತ್ತಾರೆ. ವೃತ್ತಿಪರ ಲೀಗಿನಲ್ಲಿ ಹಾಗೆ ಮಾಡುವುದಿಲ್ಲ. ಚುರುಕಾಗಿ ಓಡುತ್ತಿದ್ದವರ ಓಟದ ಲೆಕ್ಕ ಕಾಲೇಜಿನ ಪಟ್ಟಿಯಲ್ಲಿ ಬಡವಾಗಿ ಕಂಡರೆ ಮೊದಲು ಈ ಕಾರಣವನ್ನು ಪರಿಶೀಲಿಸಿ. ಪಾಸರ್ ರೇಟಿಂಗ್ ಎಂಬ ಸಂಖ್ಯೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎನ್‌ಸಿಎಎ ಈ ಸೂತ್ರವನ್ನು ಅಳವಡಿಸಿಕೊಂಡದ್ದು 1979ರಲ್ಲಿ. ಪಾಸಿನ ಗಜಗಳನ್ನು 8.4ರಿಂದ, ಟಚ್‌ಡೌನುಗಳನ್ನು 330ರಿಂದ, ಜೊತೆಗಾರರ ಕೈ ಸೇರಿದ ಪಾಸುಗಳನ್ನು 100ರಿಂದ ಗುಣಿಸಿ ಕೂಡಿಸಿ, ಎದುರಾಳಿ ಹಿಡಿದ ಪ್ರತಿ ಪಾಸಿಗೆ 200ರಂತೆ ಕಳೆದು, ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಬೇಕು. 1965ರಿಂದ 1978ರವರೆಗಿನ ಆಟದ ಸರಾಸರಿಯು 100 ಆಗುವಂತೆ ಇದನ್ನು ಹೊಂದಿಸಿದ್ದಾರೆ ಎಂಬುದು ನಮ್ಮ ಕೆಲಸಕ್ಕೆ ಬಹಳ ಉಪಯುಕ್ತವಾದ ಸಂಗತಿ, ಏಕೆಂದರೆ 1970ರ ಸುಮಾರಿಗೆ ಆಡಿದವರ ರೇಟಿಂಗ್ 100ಕ್ಕಿಂತ ಎಷ್ಟು ಮೇಲಿದೆ ಎಂದು ನೋಡಿದರೆ ತಮ್ಮ ಸಮಕಾಲೀನರ ನಡುವೆ ಅವರು ಎಲ್ಲಿದ್ದರು ಎಂಬುದು ತಿಳಿಯುತ್ತದೆ. ಇಂದಿನ ಸರಾಸರಿ 100ನ್ನು ದಾಟಿ ಬಹಳ ಮೇಲೇರಿದೆ. ಆದ್ದರಿಂದ ಇಂದಿನವರ ಜೊತೆ ಹೋಲಿಸಲು ಈ ಸಂಖ್ಯೆ ತಕ್ಕುದಲ್ಲ.

ತಂಡದ ಸ್ಥಾನಮಾನವನ್ನು ಬರೆಯುವಾಗಲೂ ಇದೇ ಎಚ್ಚರವಿರಲಿ. ಮಿನೆಸೋಟಾ ತಂಡವನ್ನು ಸ್ಯಾಂಡಿ ಸ್ಟೀವನ್ಸ್ ಮುನ್ನಡೆಸಿದ 1960ರ ಋತುವಿನಲ್ಲಿ ಅದು ರಾಷ್ಟ್ರೀಯ ಚಾಂಪಿಯನ್ ಎನಿಸಿತು, ಆದರೆ ಆಮೇಲೆ ರೋಸ್ ಬೌಲಿನಲ್ಲಿ ವಾಷಿಂಗ್ಟನ್ ಎದುರು 17–7ರಿಂದ ಸೋತಿತು. ಅಂದು ಚಾಂಪಿಯನ್ ತಂಡವನ್ನು ಆರಿಸುತ್ತಿದ್ದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಕೊನೆಯ ಮತದಾನ ಬೌಲ್ ಪಂದ್ಯಗಳಿಗೆ ಮೊದಲೇ ಮುಗಿಯುತ್ತಿತ್ತು ಎಂಬುದನ್ನು ಹೇಳದಿದ್ದರೆ ಸೋತವರು ಚಾಂಪಿಯನ್ ಆದದ್ದು ಹೇಗೆಂದು ಓದುಗರು ತಬ್ಬಿಬ್ಬಾಗುತ್ತಾರೆ. ಹಾಗೆಯೇ 1996ಕ್ಕೆ ಮೊದಲು ಋತುವಿನ ಸಾಮಾನ್ಯ ಪಂದ್ಯಗಳಿಗೆ ಹೆಚ್ಚುವರಿ ಸಮಯವಿರಲಿಲ್ಲ. 1966ರ ನವೆಂಬರ್ 19ರಂದು ನೋಟರ್ ಡೇಮ್ ಮತ್ತು ಮಿಷಿಗನ್ ಸ್ಟೇಟ್ ನಡುವಿನ ಪಂದ್ಯ 10–10ರಲ್ಲಿ ನಿಂತದ್ದು ಆ ಕಾರಣಕ್ಕೆ. ನೋಟರ್ ಡೇಮಿನ ಟೆರಿ ಹ್ಯಾನ್‌ರಾಟಿ ಮೊದಲ ಕ್ವಾರ್ಟರಿನಲ್ಲಿಯೇ ಪೆಟ್ಟು ತಿಂದು ಹೊರಗೆ ಹೋದರು. ಮಧುಮೇಹವಿದ್ದ ಕೋಲಿ ಓಬ್ರಿಯನ್ ಉಳಿದ ಆಟವನ್ನು ಆಡಿದರು. ಎದುರಿಗಿದ್ದವರು ಜಿಮ್ಮಿ ರೇ. ಮೂವರಲ್ಲಿ ಯಾರ ಬಗ್ಗೆ ಬರೆದರೂ ಆ ಡ್ರಾವನ್ನು ಅರೆಗೆಲುವೆಂದೋ ಅರೆಸೋಲೆಂದೋ ತಿರುಚಬೇಡಿ.

ಇಷ್ಟಾದ ಮೇಲೆ ಬರಹದ ಹೃದಯಭಾಗಕ್ಕೆ ಬರಬಹುದು. ಇಡೀ ಜೀವನವನ್ನು ವರ್ಷವರ್ಷವಾಗಿ ಹೇಳುವ ಬದಲು ಒಂದೇ ಪಂದ್ಯವನ್ನು ಆರಿಸಿಕೊಂಡು ಅದನ್ನು ಆದಷ್ಟು ಹತ್ತಿರದಿಂದ ಕಟ್ಟಿಕೊಡಿ. ಆ ಪಂದ್ಯ ದೊಡ್ಡ ಅಂತರದ ಗೆಲುವಾಗಿರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ; ಆಟಗಾರನ ಗುಣ ಕಾಣುವುದು ಇಕ್ಕಟ್ಟಿನಲ್ಲಿ, ಕೆಲವೊಮ್ಮೆ ಸೋಲಿನಲ್ಲಿ. ಮಿಸಿಸಿಪಿ ವಿಶ್ವವಿದ್ಯಾಲಯದ ಆರ್ಚಿ ಮ್ಯಾನಿಂಗ್ ಅವರನ್ನು ಇಂದಿಗೂ ನೆನೆಯುವಂತೆ ಮಾಡಿರುವ ಪಂದ್ಯಗಳಲ್ಲಿ ಒಂದು ಅವರ ತಂಡ ಸೋತ ಪಂದ್ಯವೇ. 1969ರ ಅಕ್ಟೋಬರ್ 4ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಲೀಜನ್ ಫೀಲ್ಡಿನಲ್ಲಿ ನಡೆದು, ಇಡೀ ದೇಶಕ್ಕೆ ದೂರದರ್ಶನದಲ್ಲಿ ಪ್ರಸಾರವಾದ ಆ ಆಟದಲ್ಲಿ ಅಲಬಾಮಾ 33–32ರಿಂದ ಗೆದ್ದಿತು. ಮ್ಯಾನಿಂಗ್ 52 ಪಾಸ್ ಎಸೆದು 33ನ್ನು ಜೊತೆಗಾರರ ಕೈ ಸೇರಿಸಿ 436 ಗಜ ಗಳಿಸಿದರು, ಅದರ ಮೇಲೆ 104 ಗಜ ಓಡಿದರು. ಓಟವೇ ಮುಖ್ಯವಾಗಿದ್ದ ಆ ಕಾಲದ ದಕ್ಷಿಣದ ಆಟದಲ್ಲಿ ಒಬ್ಬರೇ 540 ಗಜ ಗಳಿಸುವುದೆಂದರೆ ನೋಡಿದವರು ಕಣ್ಣುಜ್ಜಿಕೊಳ್ಳುವಂಥ ಸಂಗತಿ. ಆ ಸಂಖ್ಯೆ ಸೋಲಿನ ಪಕ್ಕದಲ್ಲಿ ಇರುವುದರಿಂದಲೇ ಅದಕ್ಕೆ ತೂಕ ಬಂದಿದೆ. ಈಲಿಯವರ ವಿಷಯದಲ್ಲಾದರೆ ನಾನು ಆರಿಸುವುದು ಅದೇ ವರ್ಷ ಬೌಲಿಂಗ್ ಗ್ರೀನ್ ತಂಡದ ಎದುರು ಆಡಿದ ಪಂದ್ಯವನ್ನು: ಕೊನೆಯ ನಿಮಿಷದಲ್ಲಿ ಹಿಂದುಳಿದಿದ್ದ ಟೊಲೀಡೊವನ್ನು ಅವರು ಮುಂದಕ್ಕೆ ನಡೆಸಿಕೊಂಡು ಬಂದರು, ಕೊನೆಯ ಕ್ಷಣಗಳ ಫೀಲ್ಡ್ ಗೋಲ್‌ನಿಂದ (ಚೆಂಡನ್ನು ಒದ್ದು ಗೋಲ್ ಕಂಬಗಳ ನಡುವೆ ದಾಟಿಸುವುದು) ತಂಡ 27–26ರಿಂದ ಉಳಿಯಿತು. ಗೆಲುವಿನ ಅಂಕ ಬಂದದ್ದು ಬೇರೊಬ್ಬರ ಕಾಲಿನಿಂದ. ಆ ಕಾಲಿಗೆ ಅವಕಾಶ ಒದಗಿಸಿದ್ದು ಈಲಿಯವರ ಕೈ. ಈ ಎರಡನ್ನೂ ಹೇಳಬೇಕು.

ಅಂಥ ಪಂದ್ಯವನ್ನು ಕಟ್ಟಲು ಸಾಮಗ್ರಿ ಹಲವು ಕಡೆ ಸಿಗುತ್ತದೆ. ಗೆದ್ದ ಊರಿನ ಪತ್ರಿಕೆಯನ್ನಷ್ಟೇ ಅಲ್ಲ, ಸೋತ ಊರಿನ ಪತ್ರಿಕೆಯನ್ನೂ ಓದಿ; ಎದುರಾಳಿ ಒಲ್ಲದ ಮನಸ್ಸಿನಿಂದ ಬರೆದ ಒಂದು ಮೆಚ್ಚುಗೆಯ ಸಾಲು ಅಭಿಮಾನಿಯ ಹತ್ತು ಸಾಲಿಗೆ ಸಮ. ವಿಶ್ವವಿದ್ಯಾಲಯದ ಗ್ರಂಥಾಲಯಗಳ ಸಂಗ್ರಹ ವಿಭಾಗದಲ್ಲಿ ವಿದ್ಯಾರ್ಥಿ ಪತ್ರಿಕೆಗಳು, ವಾರ್ಷಿಕ ಸಂಚಿಕೆಗಳು, ಪಂದ್ಯದ ದಿನ ಮಾರುತ್ತಿದ್ದ ಕಿರುಪುಸ್ತಕಗಳು ಇರುತ್ತವೆ. ಈ ಕಿರುಪುಸ್ತಕಗಳಲ್ಲಿ ಮುದ್ರಿತವಾದ ಎತ್ತರ, ತೂಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಆಟಗಾರರನ್ನು ಸ್ವಲ್ಪ ಹಿಗ್ಗಿಸಿ ಬರೆಯುವ ರೂಢಿ ಹಳೆಯದು. ತರಬೇತುದಾರರಿಗಾಗಿ ಎತ್ತರದಿಂದ ತೆಗೆದ ಮೂಕ ಚಿತ್ರಸುರುಳಿಗಳು ಉಳಿದಿದ್ದರೆ ಅವು ಚಿನ್ನಕ್ಕೆ ಸಮಾನ: ಪತ್ರಿಕೆ ಹೇಳಿದ ಉದ್ದನೆಯ ಪಾಸ್ ನಿಜಕ್ಕೂ ಉದ್ದವಾಗಿತ್ತೇ, ಹಿಡಿದವನೇ ಹೆಚ್ಚು ಓಡಿದನೇ ಎಂಬುದು ಅಲ್ಲಿ ಕಾಣುತ್ತದೆ.

ಜೊತೆಗಾರರನ್ನು ಮರೆಯುವುದು ಈ ಬಗೆಯ ಬರಹಗಳ ದೊಡ್ಡ ದೋಷ. ಈಲಿಯವರು 35 ಪಂದ್ಯ ಗೆದ್ದರು ಎಂದು ಬರೆಯುವುದು ಸುಲಭ. ಆದರೆ ಆ ಮೂರು ಋತುಗಳಲ್ಲಿಯೂ ಎದುರಾಳಿಗೆ ಅತಿ ಕಡಿಮೆ ಗಜಗಳನ್ನು ಬಿಟ್ಟುಕೊಟ್ಟು ದೇಶಕ್ಕೇ ಮೊದಲ ಸ್ಥಾನದಲ್ಲಿದ್ದದ್ದು ಟೊಲೀಡೊದ ರಕ್ಷಣಾ ಪಡೆ. ಅದನ್ನು ಹೇಳುವುದರಿಂದ ಈಲಿಯವರ ಹೆಸರಿಗೆ ಕುಂದೇನೂ ಬರುವುದಿಲ್ಲ. ಗೆಲುವು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗುತ್ತದೆ. ಹಳೆಯ ಜೊತೆಗಾರರೊಡನೆ ಮಾತನಾಡುವ ಅವಕಾಶ ಸಿಕ್ಕರೆ, ಅವರು ಎಷ್ಟು ದೊಡ್ಡ ಆಟಗಾರ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಆಟದ ನಡುವೆ ಸುತ್ತುಗಟ್ಟಿ ನಿಂತಾಗ ಅವರ ದನಿ ಹೇಗಿರುತ್ತಿತ್ತು, ತಪ್ಪು ಮಾಡಿದವನಿಗೆ ಏನು ಹೇಳುತ್ತಿದ್ದರು, ಅವರ ಪಾಸ್ ಕೈಗೆ ತಾಗಿದಾಗ ಗಟ್ಟಿಯಾಗಿ ಬಡಿಯುತ್ತಿತ್ತೇ, ಮೃದುವಾಗಿ ಇಳಿಯುತ್ತಿತ್ತೇ ಎಂದು ಕೇಳಿ. ಸಣ್ಣ ವಿವರಗಳು ಬರುವುದು ಇಂಥ ಪ್ರಶ್ನೆಗಳಿಂದ. ಒಹಾಯೊ ನದಿಯ ದಡದ ಪೋರ್ಟ್ಸ್‌ಮತ್ ಊರಿನಲ್ಲಿ ಬೆಳೆಯುವಾಗ ಈಲಿಯವರು ಹಾದುಹೋಗುವ ಗೂಡ್ಸ್ ರೈಲಿನ ಡಬ್ಬಿಗಳ ಮೇಲಿನ ಅಕ್ಷರಕ್ಕೆ ಗುರಿಯಿಟ್ಟು ಕಲ್ಲು ಎಸೆಯುತ್ತಿದ್ದರಂತೆ. ಚಲಿಸುವ ಗುರಿಗೆ ಎಸೆಯುವ ಕಲೆ ಎಲ್ಲಿಂದ ಬಂತೆಂದು ವಿವರಿಸಲು ಇದಕ್ಕಿಂತ ಉತ್ತಮ ಸಾಲು ಯಾರಿಗೂ ಹೊಳೆಯಲಾರದು.

ಈಗ ಅತ್ಯಂತ ಕಷ್ಟದ ಭಾಗ. ಕೆಲವು ಆಟಗಾರರ ಕಥೆ ಕಾಲೇಜಿನ ಮೈದಾನದಲ್ಲಿಯೇ ನಿಂತುಹೋಗಿದ್ದರೆ ಅದಕ್ಕೆ ಕಾರಣ ಅವರ ಆಟವಲ್ಲ. 1972ರಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ 17 ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆಯ್ಕೆ ಮಾಡಿತು. ಒಂದು ಪಂದ್ಯವನ್ನೂ ಸೋಲದ, ಕಪ್ಪು ಜನಾಂಗದ ಈಲಿಯವರನ್ನು ಯಾವ ತಂಡವೂ ಕರೆಯಲಿಲ್ಲ. ಕಪ್ಪು ಜನಾಂಗದ ಆಟಗಾರರು ಓಡುವುದಕ್ಕೆ, ಪಾಸ್ ಹಿಡಿಯುವುದಕ್ಕೆ, ರಕ್ಷಣೆಗೆ ಸರಿ, ತಂಡವನ್ನು ನಡೆಸುವ ಸ್ಥಾನಕ್ಕೆ ಅಲ್ಲ ಎಂಬ ಪೂರ್ವಗ್ರಹ ಅಂದು ಲೀಗಿನಲ್ಲಿ ಆಳವಾಗಿ ಬೇರೂರಿತ್ತು. ತಾವು ಆಡಿದರೆ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡುವುದಾಗಿ ಈಲಿಯವರು ತಂಡಗಳಿಗೆ ಮೊದಲೇ ತಿಳಿಸಿದ್ದರು. ಅವರು ಕೆನಡಾದ ಹ್ಯಾಮಿಲ್ಟನ್ ತಂಡವನ್ನು ಸೇರಿ, ಅದೇ 1972ರಲ್ಲಿ ಆ ದೇಶದ ಅಗ್ರ ಪ್ರಶಸ್ತಿಯಾದ ಗ್ರೇ ಕಪ್ಪನ್ನು 13–10ರಿಂದ ಗೆದ್ದುಕೊಟ್ಟು, ಆ ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಮಿನೆಸೋಟಾದ ಸ್ಟೀವನ್ಸ್ ಕೂಡ ಹತ್ತು ವರ್ಷ ಮೊದಲು ಇದೇ ಕಾರಣಕ್ಕೆ ಕೆನಡಾದ ಮಾಂಟ್ರಿಯಲ್‌ಗೆ ಹೋಗಬೇಕಾಯಿತು. ಇದನ್ನು ಬರೆಯುವಾಗ ಕನಿಕರದ ಧಾಟಿ ಬೇಡ. ಯಾವ ವರ್ಷ, ಎಷ್ಟು ಸುತ್ತು, ಏನಾಗಲಿಲ್ಲ, ಆಮೇಲೆ ಅವರು ಏನು ಮಾಡಿದರು ಎಂಬುದನ್ನು ನೇರವಾಗಿ ಇಟ್ಟರೆ ಅನ್ಯಾಯದ ಗಾತ್ರ ಓದುಗರಿಗೆ ಕಾಣುತ್ತದೆ. ಅನ್ಯಾಯವನ್ನು ದುರದೃಷ್ಟ ಎಂದು ಕರೆದು ಮೆದುಗೊಳಿಸುವುದೂ ಸರಿಯಲ್ಲ.

ದಂತಕಥೆಗಳನ್ನು ಪರೀಕ್ಷಿಸದೆ ಬಿಡಬೇಡಿ. 1984ರ ನವೆಂಬರ್ 23ರಂದು ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಆರು ಸೆಕೆಂಡು ಉಳಿದಿರುವಾಗ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಎಸೆದ ಪಾಸನ್ನು ಜೆರಾರ್ಡ್ ಫೀಲನ್ ಹಿಡಿದು, ತಂಡ ಮಯಾಮಿಯನ್ನು 47–45ರಿಂದ ಸೋಲಿಸಿದ್ದು ನಿಜ. ಆ ಒಂದು ಪಾಸೇ ಅವರಿಗೆ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಮತದಾನದ ಮೂಲಕ ಕೊಡುವ ಹೈಸ್ಮನ್ ಟ್ರೋಫಿ ತಂದುಕೊಟ್ಟಿತು ಎಂಬ ಮಾತು ಮಾತ್ರ ಹಾಗಲ್ಲ. ಹೆಚ್ಚಿನ ಮತಗಳು ಅಷ್ಟರಲ್ಲಿ ಬಿದ್ದಾಗಿತ್ತು. ದಾಖಲೆಯಲ್ಲಿ ಆ ಆಟ 48 ಗಜಗಳದ್ದು, ಆದರೆ ಫ್ಲೂಟಿ ಹಿಂದಕ್ಕೆ ಸರಿದು ಎಸೆದುದರಿಂದ ಚೆಂಡು ಗಾಳಿಯಲ್ಲಿ ಹಾರಿದ್ದು 60 ಗಜಕ್ಕೂ ಹೆಚ್ಚು. ಎರಡೂ ಸಂಖ್ಯೆಗಳು ಸರಿ, ಅಳೆದದ್ದು ಬೇರೆ ಬೇರೆ. ಯಾವುದನ್ನು ಅಳೆದದ್ದೆಂದು ಹೇಳಿದರೆ ಗೊಂದಲವಿರುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ ಹೆಸರುಗಳ ಉಚ್ಚಾರವನ್ನು ಕಾಗುಣಿತದಿಂದ ಊಹಿಸಬೇಡಿ, ಹಳೆಯ ಧ್ವನಿಮುದ್ರಣದಲ್ಲಿ ಕೇಳಿ ತಿಳಿಯಿರಿ. ಅದೂ ಸಾಲದ ಸಂದರ್ಭಗಳಿವೆ: ನೋಟರ್ ಡೇಮಿನ ಜೋ ಅವರ ಮನೆತನದ ಹೆಸರು ಮೊದಲು ಥೀಸ್‌ಮನ್ ಎಂದಿದ್ದು, ಹೈಸ್ಮನ್ ಟ್ರೋಫಿಯೊಂದಿಗೆ ಪ್ರಾಸ ಕೂಡಲಿ ಎಂದು ಕಾಲೇಜಿನ ಪ್ರಚಾರ ವಿಭಾಗ ಅದನ್ನು ಥೈಸ್‌ಮನ್ ಮಾಡಿತು, 1970ರಲ್ಲಿ ಆ ಟ್ರೋಫಿ ಮಾತ್ರ ಸ್ಟ್ಯಾನ್‌ಫರ್ಡಿನ ಜಿಮ್ ಪ್ಲಂಕೆಟ್ ಪಾಲಾಯಿತು. ಯಾರ್ಡಿಗೆ ನಮ್ಮ ಗಜವೇ ಸಾಕು. ಟಚ್‌ಡೌನ್, ಪಾಸ್, ಫೀಲ್ಡ್ ಗೋಲ್ ಮುಂತಾದವನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಾಗ ಅರ್ಧ ವಾಕ್ಯದಲ್ಲಿ ವಿವರಿಸಿ.

ಸ್ಮಾರಕಗಳನ್ನು ಬರಹದ ಕೊನೆಯಲ್ಲಿ ರಾಶಿ ಹಾಕದೆ ಕಥೆಯ ನಡುವೆ ಸೇರಿಸಿ. ಮಿಸಿಸಿಪಿ ವಿಶ್ವವಿದ್ಯಾಲಯದ ಆವರಣದಲ್ಲಿ ವಾಹನಗಳ ವೇಗದ ಮಿತಿ ಗಂಟೆಗೆ 18 ಮೈಲಿ, ಏಕೆಂದರೆ ಮ್ಯಾನಿಂಗ್ ಅವರ ಅಂಗಿಯ ಸಂಖ್ಯೆ 18. ಇದನ್ನು 33–32ರ ಸೋಲಿನ ಪಕ್ಕದಲ್ಲಿಟ್ಟರೆ ಜನ ಏನನ್ನು ನೆನಪಿಟ್ಟುಕೊಂಡರು ಎಂಬುದು ಹೊಳೆಯುತ್ತದೆ. ಈಲಿಯವರಿಗೆ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮಿನಲ್ಲಿ ಸ್ಥಾನ ಸಿಕ್ಕಿದ್ದು 2022ರಲ್ಲಿ, ಕೊನೆಯ ಕಾಲೇಜು ಪಂದ್ಯವಾಡಿ 50 ವರ್ಷ ಕಳೆದ ಮೇಲೆ. ದೇಶದ ಪ್ರಮುಖ ಆಯ್ಕೆಪಟ್ಟಿಗಳಲ್ಲಿ ಒಂದರಲ್ಲಾದರೂ ವರ್ಷದ ಶ್ರೇಷ್ಠ ಆಟಗಾರರನ್ನು ಹೆಸರಿಸುವ ಮೊದಲ ಆಲ್-ಅಮೆರಿಕನ್ ತಂಡದಲ್ಲಿ ಹೆಸರಿರಬೇಕು ಎಂಬ ನಿಯಮ ಅಷ್ಟು ಕಾಲ ಅಡ್ಡ ನಿಂತಿತ್ತು. ಈ ಸಂಗತಿಯ ಜಾಗ 1972ರ ಆಯ್ಕೆಯ ಪ್ಯಾರಾದ ಪಕ್ಕದಲ್ಲಿ.

ಹಾಗಾದರೆ ಬರಹವನ್ನು ಎಲ್ಲಿ ಮುಗಿಸುವುದು? ಈಲಿಯವರ ಸ್ಮರಣೆಯನ್ನು ನಾನು ಸನ್ಮಾನ ಸಮಾರಂಭದಲ್ಲಿ ಮುಗಿಸುವುದಿಲ್ಲ, 1971ರ ಡಿಸೆಂಬರಿನಲ್ಲಿ ಒರ್ಲಾಂಡೊದಲ್ಲಿ ನಡೆದ ಟ್ಯಾಂಜರೀನ್ ಬೌಲಿನಲ್ಲಿ ಮುಗಿಸುತ್ತೇನೆ. ಅಂದು ಟೊಲೀಡೊ ರಿಚ್ಮಂಡ್ ತಂಡವನ್ನು 28–3ರಿಂದ ಸೋಲಿಸಿತು. ಅದು 35ನೆಯ ಗೆಲುವು. ಅಂದು ಅವರು ಎಸೆದ ಪಾಸುಗಳು ಅಧಿಕೃತ ಮೊತ್ತದಲ್ಲಿಲ್ಲ. ಆದ್ದರಿಂದ ಆ ದಿನದ ಪತ್ರಿಕೆಯನ್ನು ಹುಡುಕಿ ತೆಗೆದು, ಅವುಗಳನ್ನು ಒಂದೊಂದಾಗಿ ಎಣಿಸಿ, ನಿಮ್ಮ ಕೊನೆಯ ಪ್ಯಾರಾದಲ್ಲಿ ಬರೆಯಿರಿ.